ಇದ್ದಿಲ ಗೀಟಿನ ಮೊಟ್ಟೆ

ಹೆಗ್ಗಣ ಮೊಟ್ಟೆ ಕದಿಯುವುದಿಲ್ಲ ಎಂದು ನಮ್ಮತ್ತೆ ಸಾಯುವವರೆಗೂ ಸಾಧಿಸಿದರು. ಹೆಗ್ಗಣ ಕಾಳು ತಿನ್ನುತ್ತದೆ, ಸೋಪು ತಿನ್ನುತ್ತದೆ, ಮಲಗಿದವರ ಹಿಮ್ಮಡಿಯನ್ನೂ ಕಡಿಯುತ್ತದೆ, ಆದರೆ ಮೊಟ್ಟೆ ಮಾತ್ರ ಮುಟ್ಟುವುದಿಲ್ಲವಂತೆ. ಮೊಟ್ಟೆ ಎತ್ತಿಕೊಂಡು ಹೋಗಲು ಅದಕ್ಕೇನು ಕೈ ಇದೆಯೇ ಎಂದು ಕೇಳುತ್ತಿದ್ದರು. ಆಗ ನಾನು ಉತ್ತರ ಕೊಡಲಿಲ್ಲ. ಈಗ ನನಗೆ ಎಪ್ಪತ್ತು ದಾಟಿದೆ, ನಾನು ಹೆದರಬೇಕಾದವರು ಯಾರೂ ಉಳಿದಿಲ್ಲ. ಕೋಪ ಮಾತ್ರ ಉಳಿದಿದೆ.

ನಾನು ಕೃಷ್ಣರಾಜನಗರದ ಕಡೆಯವಳು, ನಾಲೆ ನೀರಿನ ಗದ್ದೆಗಳ ನಡುವೆ ಬೆಳೆದವಳು. ಅರವತ್ತರ ದಶಕದ ಕೊನೆಯಲ್ಲಿ ನನ್ನನ್ನು ಕೋಟೆ ತಾಲ್ಲೂಕಿನ ಒಂದು ಊರಿಗೆ ಕೊಟ್ಟರು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಾಯಿಸಿ, ಅಂತರಸಂತೆಗೆ ಮೊದಲೇ ಇಳಿದು, ಅಲ್ಲಿಂದ ನಡೆಯಬೇಕು. ಮಳೆ ನಂಬಿದ ಭೂಮಿ. ರಾಗಿ, ಹುರುಳಿ, ಅವರೆ. ನಮ್ಮ ಹೊಲಗಳ ಆಚೆ ಕಾಕನಕೋಟೆಯ ಕಾಡು, ಕಾಡಿನ ಅಂಚಿಗೆ ಕಾಡಿನ ಜನರ ಗುಡಿಸಲುಗಳ ಒಂದು ಹಾಡಿ. ಹಾಡಿಯ ಜನ ನಮ್ಮೂರಿಗೆ ಕೂಲಿಗೆ ಬರುತ್ತಿದ್ದರು.

ಅತ್ತೆಯ ಮನೆಯಲ್ಲಿ ಹೊಲ, ದನ, ರಾಗಿ ಎಲ್ಲವೂ ಮಾವನವರದು. ಕೋಳಿ ಮಾತ್ರ ಅತ್ತೆಯದು. ಹಿತ್ತಲಲ್ಲಿ ಎಷ್ಟು ಹೇಂಟೆ ಇವೆ, ಎಷ್ಟು ಹುಂಜ ಇವೆ ಎಂಬುದು ಮಾವನವರಿಗೆ ಗೊತ್ತಿರಲಿಲ್ಲ. ಅತ್ತೆಗೆ ಒಂದೊಂದರ ತಾಯಿ, ಅಜ್ಜಿಯವರೆಗೂ ಗೊತ್ತಿತ್ತು. ಬೆಳಿಗ್ಗೆ ಗೂಡಿನ ಕಲ್ಲು ಸರಿಸಿದಾಗ ಹೊರಬರುವ ಕೋಳಿಗಳನ್ನು ನಿಂತು ನೋಡುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಆ ಒಂದು ಹೊತ್ತಿನಲ್ಲಿ ನನಗೂ ಅವರನ್ನು ಕಂಡರೆ ಇಷ್ಟವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಹೇಂಟೆಯನ್ನು ಕಾವಿಗೆ ಕೂರಿಸುವುದನ್ನು ಅವರು ಯಾರ ಕೈಗೂ ಬಿಡುತ್ತಿರಲಿಲ್ಲ. ಮಂಕರಿ ಬುಟ್ಟಿಗೆ ರಾಗಿ ಹೊಟ್ಟು ಹಾಸಿ, ಮೊಟ್ಟೆಗಳನ್ನು ಬಿಸಿಲಿಗೆ ಹಿಡಿದು ನೋಡಿ ಆರಿಸಿ, ಒಂದೊಂದಕ್ಕೂ ಒಲೆಯ ಇದ್ದಿಲಿನಿಂದ ಗುರುತು ಹಾಕುತ್ತಿದ್ದರು. ಕಾವು ಕೂತ ಮಂಕರಿಗೆ ಬೇರೆ ಹೇಂಟೆಗಳೂ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಗುರುತಿಲ್ಲದಿದ್ದರೆ ಯಾವುದು ಕಾವಿನದು, ಯಾವುದು ನಿನ್ನೆಯದು ತಿಳಿಯುವುದಿಲ್ಲ. ಒಬ್ಬೊಬ್ಬ ಹೆಂಗಸಿನದು ಒಂದೊಂದು ಗುರುತು. ನಮ್ಮತ್ತೆಯದು ಎರಡು ಗೀಟು, ನಡುವೆ ಒಂದು ಚುಕ್ಕಿ. ಎದುರು ಮನೆಯವರು ಬರೀ ಒಂದು ಸುತ್ತು ಹಾಕುತ್ತಿದ್ದರು, ಅದನ್ನು ಕಂಡರೆ ನಮ್ಮತ್ತೆಗೆ ನಗು.

ಬೆಳಿಗ್ಗೆ ಕೊಟ್ಟಿಗೆ ಬಳಿದು, ಅಂಗಳ, ಹಿತ್ತಲು ಗುಡಿಸಿ, ಕೋಳಿ ಬಿಡಲು ಹಾಡಿಯಿಂದ ಒಬ್ಬಾಕೆ ಬರುತ್ತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಮ್ಮತ್ತೆಯನ್ನು ದೊಡ್ಡವ್ವ ಎನ್ನುತ್ತಿದ್ದರು, ನಿನ್ನೆ ಮೊನ್ನೆ ಬಂದ ನನ್ನನ್ನು ಚಿಕ್ಕವ್ವ ಎನ್ನುತ್ತಿದ್ದರು. ನಾನು ಮಾತ್ರ ಅವರನ್ನು ‘ಬಾರೆ’, ‘ಹೋಗೆ’ ಎನ್ನುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೆ ಅನ್ನುತ್ತಿದ್ದರು, ನಾನೂ ಅಂದೆ. ಈಗ ಬರೆಯುವಾಗ ಬಹುವಚನ ಬರುತ್ತಿದೆ. ಬೇಕಾಗಿದ್ದ ಕಾಲಕ್ಕೆ ಬರಲಿಲ್ಲ.

ಮೊಟ್ಟೆ ಕಡಿಮೆಯಾಗುತ್ತಿರುವುದನ್ನು ಮೊದಲು ಕಂಡವರು ಅವರೇ. ಒಂದು ಬೆಳಿಗ್ಗೆ ಪೊರಕೆ ಕೆಳಗಿಟ್ಟು, ಗೂಡಿನ ಹಿಂದಿನ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅಲ್ಲಿ ಹೊಸ ಮಣ್ಣಿನ ಗುಪ್ಪೆ ಇತ್ತು. ಗೋಡೆಯ ಗುಂಟ ಅಂಗೈ ಅಗಲದ ಹಾದಿ ಸವೆದಿತ್ತು.

“ಎಗ್ಗಣ ಕಣವ್ವ,” ಎಂದು ಪಕ್ಕದಲ್ಲಿದ್ದ ನನಗೆ ತೋರಿಸಿದರು. “ಒಂದಲ್ಲ, ಸಂಸಾರನೇ ಅದೆ. ಬಿಲ ಇಲ್ಲಿಂದ ಒಳೀಕೆ, ಅಂಗಳದ ಕಡೀಕೆ ಓಗದೆ. ನಾಳೀಕೆ ಮಡಕೆ ತತ್ತೀನಿ, ಒಗೆ ಆಕವ.”

ಮಡಕೆ ಎಂದರೆ ತಳದಲ್ಲಿ ತೂತು ಕೊರೆದ ಮಡಕೆ. ಅದಕ್ಕೆ ಹುಲ್ಲು, ಒಣಮೆಣಸಿನಕಾಯಿ ತುಂಬಿ ಕೆಂಡ ಹಾಕಿ, ಬಾಯಿಯನ್ನು ಬಿಲಕ್ಕೆ ಒತ್ತಿಟ್ಟು ತೂತಿನಿಂದ ಊದುತ್ತಾರೆ. ಬಿಲದ ಉಳಿದ ಬಾಯಿಗಳನ್ನು ಹುಡುಕಿ ಅಗೆದು, ಅಲ್ಲಿ ದೊಣ್ಣೆ ಹಿಡಿದು ನಿಲ್ಲುತ್ತಾರೆ. ನಮ್ಮ ತವರಿನ ಕಡೆ ಗದ್ದೆ ಬದುವಿನ ಇಲಿಗೂ ಇದೇ ಮದ್ದು. ಅರ್ಧ ದಿನದ ಕೆಲಸ. ಅಂದೇ ಮಾಡಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆಕೆ ಅತ್ತೆಗೂ ಇದನ್ನೇ ಹೇಳಿದರು. ಮಾವನವರು ಆಗದು ಎಂದರು. ನಮ್ಮ ಅಂಗಳದ ಕೆಳಗೆ ಹಗೇವು ಇತ್ತು, ರಾಗಿ ತುಂಬಿಡುವ ನೆಲದೊಳಗಿನ ಕಣಜ. ಕತ್ತು ಸಣ್ಣದು, ಹೊಟ್ಟೆ ದೊಡ್ಡದು, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಹಾಕಿ ಸಗಣಿ ಸಾರಿಸಿದರೆ ಯಾರಿಗೂ ಗುರುತು ಸಿಗಬಾರದು. ಆಗ ಬೆಳೆದ ಕಾಳಿನಲ್ಲಿ ಸರ್ಕಾರ ಕಡ್ಡಾಯವಾಗಿ ಪಾಲು ತೆಗೆದುಕೊಳ್ಳುತ್ತಿದ್ದ ಲೆವಿ ವಸೂಲಿಯ ಕಾಲ. ಇದ್ದ ರಾಗಿಯನ್ನು ಇಲ್ಲ ಎಂದು ಹೇಳಿಕೊಂಡಿದ್ದ ಮನೆಗಳಲ್ಲಿ ನಮ್ಮದೂ ಒಂದು.

“ಹಗೇವು ಎಲ್ಲದೆ ಅಂತ ಹಾಡಿಯೋರ್ಗೆ ತೋರ್ಸಕಾಯ್ತದಾ?” ಎಂದರು ಮಾವನವರು. “ಬಿಲ ಅಗೀತೀನಿ ಅಂತ ಬಂದು ರಾಗಿ ಜಾಗ ನೋಡ್ಕಂಡು ಓಗ್ತಾಳೆ. ಬ್ಯಾಡ.”

ಈ ಗುಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ಹಗೇವು ಎಲ್ಲಿದೆ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಅಂಗಳದ ಆ ಜಾಗದಲ್ಲಿ ಕಾಲು ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆಂದು ಅವು ಅಲ್ಲೇ ಬಂದು ಕುಣಿಯುತ್ತಿದ್ದವು. ಪ್ರತಿ ದಿನ ಆ ಅಂಗಳ ಗುಡಿಸುತ್ತಿದ್ದವರಿಗೆ ತಿಳಿಯದೇ ಇರುತ್ತದೆಯೇ? ನಾನು ಬಾಯಿ ತೆರೆಯಲು ಹೋದೆ. ಕೋಳಿ ಕೇಳಿ ಖಾರ ಅರೀತಾರಾ ಎಂಬಂತೆ ಇಬ್ಬರೂ ನನ್ನ ಕಡೆ ನೋಡಿದರು. ಒಳಗೆ ಹೋದೆ.

ಆಮೇಲೆ ನಮ್ಮ ಮನೆಮಂದಿಯ ಪ್ರತಾಪ ಶುರುವಾಯಿತು. ಮಾವನವರು ಹ್ಯಾಂಡ್‌ಪೋಸ್ಟಿಗೆ ಹೋಗಿ ಒಂದು ಮರದ ಬೋನು ತಂದರು. ಅದಕ್ಕೆ ಸುಟ್ಟ ಕೊಬ್ಬರಿ ಕಟ್ಟಿಟ್ಟರೆ ಒಂದು ಸುಂಡಿಲಿ ಬಿತ್ತು, ಮರುದಿನ ಒಂದು ಕಪ್ಪೆ ಬಿತ್ತು. ಹೆಗ್ಗಣ ಬೋನಿನ ಪಕ್ಕದಲ್ಲೇ ಹಿಕ್ಕೆ ಹಾಕಿ ಹೋಗಿತ್ತು. ನೆಂಟರ ಮನೆಯಿಂದ ಬೆಕ್ಕು ತಂದರು. ಆ ಬೆಕ್ಕು ಹೆಗ್ಗಣವನ್ನು ಒಂದು ಸಲ ಎದುರಿಗೆ ಕಂಡು, ಅಟ್ಟ ಹತ್ತಿ ಕೂತು, ಕೆಳಗಿಳಿದದ್ದು ಹಾಲಿಗೆ ಮಾತ್ರ. ಗೂಡಿನ ಸಂದಿಗಳಿಗೆ ನಾನು ಮೂರು ಸಲ ಮಣ್ಣು ಮೆತ್ತಿದೆ. ಮೂರು ಸಲವೂ ಹೊಸ ತೂತು ಬಿತ್ತು.

ಅಷ್ಟರಲ್ಲಿ ಅತ್ತೆ ತಮ್ಮ ಪ್ರೀತಿಯ ಕೆಂದು ಹೇಂಟೆಯನ್ನು ಕಾವಿಗೆ ಕೂರಿಸಿದರು. ಹದಿಮೂರು ಮೊಟ್ಟೆ. ಮೊದಲ ವಾರದಲ್ಲೇ ಅದು ಹತ್ತಕ್ಕೆ ಬಂತು, ಆಮೇಲೆ ಏಳಕ್ಕೆ. ಮೊಟ್ಟೆ ಒಡೆದು ಪಿಳ್ಳೆ ಬರಲು ಎರಡು ದಿನ ಉಳಿದಿರುವಾಗ ಬೆಳಿಗ್ಗೆ ನೋಡಿದರೆ ಮಂಕರಿಯಲ್ಲಿ ಇದ್ದದ್ದು ನಾಲ್ಕೇ. ಹೇಂಟೆಯ ಬಾಲದ ಪುಕ್ಕ ಕಿತ್ತು ಹೋಗಿ, ತೊಡೆಯ ಹತ್ತಿರ ರಕ್ತ ಹೆಪ್ಪುಗಟ್ಟಿತ್ತು. ಪಾಪದ ಪ್ರಾಣಿ, ಆದರೂ ನಾಲ್ಕು ಮೊಟ್ಟೆ ಬಿಟ್ಟು ಎದ್ದಿರಲಿಲ್ಲ.

ಕಳ್ಳರು ಹೇಂಟೆಯ ತೊಡೆ ಕಚ್ಚುತ್ತಾರೆಯೇ? ಇಷ್ಟು ಸರಳವಾದ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಹಾಡಿಯಾಕೆ ಕೊಟ್ಟಿಗೆ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದರು. ಅತ್ತೆ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು. ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡುತ್ತಿದ್ದರು, ನೀರಿಗೆ ಹೊರಟಿದ್ದ ಇಬ್ಬರು ಬಿಂದಿಗೆ ಸಮೇತ ನಿಂತರು.

“ದಿನಾ ಕೋಳಿ ಬುಡೋಳು ನೀನು. ಮೊಟ್ಟೆ ಎಲ್ಲೋದೊ?”

“ನಾನ್ ಯೋಳ್ನಿಲ್ವಾ ದೊಡ್ಡವ್ವಾ, ಎಗ್ಗಣ ಅಂತವ.”

“ಹೆಗ್ಗಣಕ್ಕೆ ಕೈ ಅದಾ? ಮಡ್ಲು ಬಿಚ್ಚು, ನೋಡವ.”

ಆಕೆ ಒಂದು ಗಳಿಗೆ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ದನಗಳಿಗೆ ಇಡುವ ಕಲಗಚ್ಚಿನ ಪಾತ್ರೆ ಇತ್ತು. ಬಿಲ ತೋರಿಸಿದ ದಿನ ನಾನು ಪಕ್ಕದಲ್ಲೇ ಇದ್ದವಳು, ಕಣ್ಣಾರೆ ಕಂಡವಳು. ಹೌದು ಅತ್ತೆಮ್ಮ, ನಾನೂ ನೋಡಿದೀನಿ ಎಂಬ ನಾಲ್ಕು ಮಾತು ಸಾಕಾಗಿತ್ತು. ನನ್ನ ನಾಲಿಗೆ ಏಳಲಿಲ್ಲ. ಆಕೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಕೊಡವಿದರು. ಬಿದ್ದದ್ದು ಎರಡು ವೀಳ್ಯದೆಲೆ, ಒಂದು ಚೂರು ಅಡಿಕೆ. ಅವನ್ನು ಬಗ್ಗಿ ಎತ್ತಿಕೊಳ್ಳದೆ, ಪೊರಕೆಯನ್ನು ಗೋಡೆಗೆ ಒರಗಿಸಿಟ್ಟು ಹೊರಟುಹೋದರು.

ಮಡಿಲಲ್ಲಿ ಏನೂ ಸಿಗದಿದ್ದರೆ ಕಳ್ಳಿ ಅಂದವರು ತಲೆ ತಗ್ಗಿಸಬೇಕಲ್ಲವೇ? ನಮ್ಮತ್ತೆ ತಲೆ ಇನ್ನೂ ಎತ್ತಿದರು. “ಇವತ್ತು ಸಿಕ್ನಿಲ್ಲ, ಅಷ್ಟೇಯ,” ಎಂದರು. ಬಿಂದಿಗೆ ಹಿಡಿದು ನಿಂತಿದ್ದವರು ಆ ಮಾತನ್ನು ಬಾವಿಗೆ ಒಯ್ದರು. ಬಾವಿಯಿಂದ ಅದು ಸಂತೆಗೆ ಹೋಯಿತು. ತಿಂಗಳೊಳಗೆ ಊರಿನ ಯಾವ ಮನೆಯವರೂ ಆಕೆಯನ್ನು ಹಿತ್ತಲೊಳಗೆ ಬಿಡುತ್ತಿರಲಿಲ್ಲ. ಆಕೆ ಕಾಡಿನಲ್ಲಿ ಮರ ಕಡಿಯುವ ಕಡೆ ಸೌದೆ ಹೊರಲು ಹೋಗತೊಡಗಿದರು ಎಂದು ಕೇಳಿದೆ. ಹತ್ತು ವರ್ಷ ನಮ್ಮ ಮನೆಯ ಸಗಣಿ ಬಳಿದವರು.

ತಮಾಷೆಯ ವಿಷಯ ಎಂದರೆ, ಆಕೆ ಹೋದ ಮೇಲೂ ಮೊಟ್ಟೆ ಹೋಗುವುದು ನಿಲ್ಲಲಿಲ್ಲ. ಉಳಿದ ನಾಲ್ಕರಲ್ಲಿ ಒಡೆದು ಬಂದ ಎರಡು ಪಿಳ್ಳೆಗಳೂ ಹೋದವು. ಆಗ ಧೈರ್ಯ ಮಾಡಿ, “ಈಗ ಯಾರು ಕದೀತಾವ್ರೆ ಅತ್ತೆಮ್ಮ?” ಎಂದು ಕೇಳಿದೆ.

“ಅವಳೇ. ಕದ್ದು ಬಂದೋಯ್ತಾಳೆ.”

“ನಾಯಿ ಬೊಗಳ್ನಿಲ್ವಲ್ಲ.”

“ಕಾಡಿನೋರ್ಗೆ ನಾಯಿ ಬಾಯಿ ಕಟ್ಟಕ್ಕೆ ಬತ್ತದೆ ಕಣಮ್ಮಿ. ನಿಂಗೇನ್ ಗೊತ್ತು, ನೀನು ಗದ್ದೆ ಕಡೆಯೋಳು.”

ಇಂಥ ತರ್ಕದ ಮುಂದೆ ಯಾರು ಏನು ಮಾಡಲು ಸಾಧ್ಯ? ಇದ್ದರೂ ಕಳ್ಳಿ, ಇಲ್ಲದಿದ್ದರೂ ಕಳ್ಳಿ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕುತ್ತಾರೆ ಎಂದು ಬೇರೆಯವರ ಬಗ್ಗೆ ದಿನಕ್ಕೆರಡು ಸಲ ಆಡಿಕೊಳ್ಳುತ್ತಿದ್ದವರು ಇದೇ ನಮ್ಮತ್ತೆ.

ಬೇಸಿಗೆಯಲ್ಲಿ ಅಟ್ಟದ ಮೇಲಿನ ರಾಗಿ ಮುಗಿದು ಹಗೇವು ತೆಗೆದರು. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟು, ಆಮೇಲೆ ಹಗ್ಗದಲ್ಲಿ ಲಾಟೀನು ಇಳಿಸಿ ನೋಡುತ್ತಾರೆ. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು. ನನ್ನ ಗಂಡ ಇಳಿದರು. ಇಳಿದವರೇ, “ಅಪ್ಪಾ, ಎಲ್ಲ ಹೋಯ್ತು,” ಎಂದು ಕೂಗಿದರು. ಹಗೇವಿನ ಕತ್ತಿನಲ್ಲೇ ಮುಷ್ಟಿಗಿಂತ ದಪ್ಪನಾದ ಬಿಲ. ಒಳಗಿನ ರಾಗಿಯಲ್ಲಿ ಅರ್ಧಕ್ಕರ್ಧ ಹೊಟ್ಟು, ಹಿಕ್ಕೆ. ಬಿಲಕ್ಕೆ ಕೈ ಹಾಕಿ ಕೆರೆದು, ಸಿಕ್ಕಿದ್ದನ್ನೆಲ್ಲ ಪುಟ್ಟಿಗೆ ತುಂಬಿ ಮೇಲೆ ಕಳಿಸಿದರು. ಪುಟ್ಟಿಯನ್ನು ಅಂಗಳದಲ್ಲಿ ಸುರಿದವಳು ನಾನು.

ಹುಲ್ಲು, ಬಟ್ಟೆ ಚೂರು, ಪಿಳ್ಳೆಯ ಹಳದಿ ತುಪ್ಪಳ, ಕಾಲಿನ ಮೂಳೆ. ಅದರ ನಡುವೆ ಮೊಟ್ಟೆಯ ಚಿಪ್ಪುಗಳು. ಒಂದು ಕಡೆ ತೂತು ಕೊರೆದು ಒಳಗಿದ್ದುದನ್ನು ತಿಂದು ಬಿಟ್ಟಿದ್ದ ಚಿಪ್ಪುಗಳು. ನಾನು ಒಂದನ್ನು ಸೆರಗಿನಲ್ಲಿ ಒರೆಸಿದೆ. ಎರಡು ಗೀಟು, ನಡುವೆ ಒಂದು ಚುಕ್ಕಿ. ಇನ್ನೊಂದನ್ನು ಒರೆಸಿದೆ. ಅದೇ.

ಮಾವನವರು ರಾಗಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಚಿಪ್ಪನ್ನು ಅತ್ತೆಯ ಮುಂದೆ ಹಿಡಿದೆ. ಅವರು ತಮ್ಮ ಕೈಯ ಗುರುತನ್ನು ತಾವೇ ನೋಡಿದರು. ತುಂಬ ಹೊತ್ತು ನೋಡಿದರು.

“ತಿಪ್ಪೆಗೆ ಸುರಿ,” ಎಂದರು.

ನಾನು ಅವತ್ತಿನವರೆಗೆ ಅವರ ಮಾತು ಮೀರಿದವಳಲ್ಲ. ಚಿಪ್ಪುಗಳನ್ನು ಮೊರದಲ್ಲಿ ಆಯ್ದುಕೊಂಡೆ, ಒಂಬತ್ತು ಸಿಕ್ಕವು. ತಿಪ್ಪೆಯ ಕಡೆ ಹೋದಂತೆ ಹೋಗಿ, ಅಲ್ಲಿಂದ ಹೊಲದ ಹಾದಿ ಹಿಡಿದು ಉರಿಬಿಸಿಲಿನಲ್ಲಿ ಹಾಡಿಗೆ ಹೋದೆ. ಅದುವರೆಗೆ ನಾನು ಹಾಡಿಯೊಳಗೆ ಕಾಲಿಟ್ಟವಳೇ ಅಲ್ಲ. ಆಕೆ ಗುಡಿಸಲ ಮುಂದೆ ಸೌದೆ ಹೊರೆ ಇಳಿಸಿ ಸಿಂಬಿ ಬಿಚ್ಚುತ್ತಿದ್ದರು. ಮೊರವನ್ನು ಅವರ ಮುಂದಿಟ್ಟೆ. ಬಿಸಿಲಿಗೋ ನಾಚಿಕೆಗೋ ನನ್ನ ಮುಖ ಉರಿಯುತ್ತಿತ್ತು. ಆಕೆ ಒಂದು ಚಿಪ್ಪು ಎತ್ತಿ ತಿರುಗಿಸಿ ನೋಡಿ, ಮತ್ತೆ ಮೊರದಲ್ಲಿಟ್ಟರು.

“ಇದ ನಂಗ್ಯಾಕವ್ವ ತೋರ್ಸೀರಿ? ನಂಗೆ ಗೊತ್ತಿದ್ದುದೇಯ. ನಿಮ್ ಬೀದೀಲಿ ತೋರ್ಸಿ.”

ಕೋಪದಿಂದ ಹೇಳಲಿಲ್ಲ. ಕುಡಿಯಲು ನೀರು ಕೊಟ್ಟರು, ನಾನು ಕುಡಿದೆ. ಊರಿಗೆ ಬಂದವಳು ಹಿತ್ತಲ ದಾರಿ ಬಿಟ್ಟು ಬೀದಿಯ ದಾರಿಯಲ್ಲೇ ಬಂದೆ. ಒಂದೊಂದು ಜಗಲಿಯ ಮುಂದೆ ನಿಂತು ಮೊರ ತೋರಿಸಿದೆ. ನಮ್ಮ ಹಗೇವಿನಲ್ಲಿ ಸಿಕ್ಕಿತು, ನಮ್ಮತ್ತೆಯದೇ ಗುರುತು, ಹಾಡಿಯಾಕೆ ಕದ್ದಿರಲಿಲ್ಲ ಎಂದು ಹೇಳಿದೆ. ಜನ ಬೆರಗಾಗುತ್ತಾರೆ, ಅಯ್ಯೋ ಪಾಪ ಅನ್ನುತ್ತಾರೆ ಎಂದುಕೊಂಡಿದ್ದೆ.

ಎದುರು ಮನೆಯಾಕೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ಕತ್ತೆತ್ತಿ, “ಅದ್ಯಾರ್ಗ್ ಗೊತ್ತಿಲ್ಲ ಬುಡವ್ವ. ನಮ್ದೂ ಹೋಗ್ತವೆ,” ಎಂದರು.

“ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?”

“ನಿಮ್ಮನೆ ಮಾತು. ನಮ್ಗ್ಯಾಕೆ?”

ಮುಂದಿನ ಮನೆಯಲ್ಲೂ ಇದೇ. ಅದರ ಮುಂದಿನ ಮನೆಯಲ್ಲೂ ಇದೇ. ಬಾವಿಗೆ ಮಾತು ಒಯ್ದವರಲ್ಲಿ ಒಬ್ಬರು, ತಮ್ಮ ಮನೆಯಲ್ಲಿ ಅದರ ಹಿಂದಿನ ಯುಗಾದಿಗೇ ಹೆಗ್ಗಣ ಎರಡು ಪಿಳ್ಳೆ ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಒಬ್ಬ ಹೆಂಗಸಿನ ಅನ್ನ ಕಿತ್ತುಕೊಳ್ಳುವಾಗ ಆ ಬೀದಿಯಲ್ಲಿ ನಿಜ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಅವರನ್ನು ಬೈಯಲು ಬಾಯಿ ತೆರೆದೆ, ಅವತ್ತು ನನ್ನ ಕೈಯಲ್ಲಿದ್ದ ಕಲಗಚ್ಚಿನ ಪಾತ್ರೆ ನೆನಪಾಯಿತು. ಮೊರ ಹಿಡಿದು ಮನೆಗೆ ಬಂದೆ.

ಮನೆಯಲ್ಲಿ ಮಾವನವರು ಕುಣಿದಾಡಿದರು. ಹಾಡಿಯಾಕೆಗೆ ಆದ ಅನ್ಯಾಯಕ್ಕಲ್ಲ. ಹಗೇವು ಇದೆ ಎಂದು ನಾನು ಬೀದಿಗೆಲ್ಲ ಸಾರಿಬಂದೆನಂತೆ. ನನ್ನ ಗಂಡ ಟವಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಅತ್ತೆ ನನ್ನೊಂದಿಗೆ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಕೆಂದು ಹೇಂಟೆ ಸತ್ತಿತು, ಹೆಗ್ಗಣ ಮತ್ತೆ ಕಚ್ಚಿದ ಗಾಯ ಕೀವಾಗಿತ್ತು. ಅವತ್ತು ಅವರೇ ನನ್ನ ಹತ್ತಿರ ಬಂದು, ಬೇರೆ ಕಡೆ ನೋಡುತ್ತಾ, “ಅವಳ್ಗೆ ಮಡಕೆ ತಕಂಡು ಬರಕ್ಕೇಳು,” ಎಂದರು.

ನಾನು ಓಡಿದೆ ಎಂದರೂ ಸರಿಯೆ. ಆಕೆ ಕೇಳಿಸಿಕೊಂಡರು.

“ಬತ್ತೀನಿ ಚಿಕ್ಕವ್ವಾ. ದೊಡ್ಡವ್ವನೇ ಬಂದು ಕರೀಲಿ. ಹಾಡೀಗ್ ಬರದು ಬ್ಯಾಡ. ಬಾವಿ ತಾವ, ಅವತ್ತು ನಿಂತಿದ್ದೋರ್ ಮುಂದೆ ಕರುದ್ರೆ ಸಾಕು.”

ಇದಕ್ಕಿಂತ ಕಡಿಮೆ ಯಾರಾದರೂ ಕೇಳಲು ಸಾಧ್ಯವೇ? ತಪ್ಪಾಯಿತು ಅನ್ನಿ ಎನ್ನಲಿಲ್ಲ. ಬಾ ಎಂದರೆ ಸಾಕು ಎಂದರು. ಬಾವಿ ನಮ್ಮ ಮನೆಯಿಂದ ಐವತ್ತು ಹೆಜ್ಜೆ. ನಾನು ಬಂದು ಹಾಗೇ ಹೇಳಿದೆ. ಅತ್ತೆ ಒಲೆಯ ಮುಂದೆ ಕೂತಿದ್ದರು, ಕೊಳ್ಳಿ ಸರಿಮಾಡಿದರು, ಬಾವಿಯ ಕಡೆ ಹೋಗಲಿಲ್ಲ. ಮುಂದಿನ ಸಂತೆಯ ದಿನ ಉಳಿದ ಕೋಳಿಗಳ ಕಾಲು ಕಟ್ಟಿ ಮಂಕರಿಗೆ ತುಂಬಿ ಗಾಡಿಯಲ್ಲಿ ಅಂತರಸಂತೆಗೆ ಕಳಿಸಿದರು. ಅಜ್ಜಿ, ತಾಯಿ, ಮಗಳು ಎಂದು ಪೀಳಿಗೆ ಹೇಳುತ್ತಿದ್ದ ಕೋಳಿಗಳನ್ನು ಒಂದೂ ಬಿಡದೆ ಕಳಿಸಿದರು. ಗಾಡಿ ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದರು, ಕಣ್ಣು ಒರೆಸಿಕೊಂಡರು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಗೂಡು ಯಾಕೆ ಖಾಲಿ ಎಂದು ಕೇಳಿದವರಿಗೆ ಅತ್ತೆ ಹೇಳಿದ ಮಾತು ಇಷ್ಟು: “ನಮ್ಮನೆಗೆ ಕೋಳಿ ಆಗಿಬರಲ್ಲ ಕಣ್ರವ್ವಾ.”

ಕೆಲವು ಮನೆಗೆ ಕರಿಯ ಎತ್ತು ಆಗಿಬರುವುದಿಲ್ಲ, ಕೆಲವು ಮನೆಗೆ ಮೇಕೆ ಆಗಿಬರುವುದಿಲ್ಲ. ನಮ್ಮ ಕಡೆ ಆ ಮಾತು ಹೇಳಿದರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಲಿಲ್ಲ. ಹಾಡಿಯಾಕೆ ಮತ್ತೆ ಮೂರು ಬೇಸಿಗೆ ಸೌದೆ ಹೊತ್ತರು, ಆಮೇಲೆ ಅವರ ಮನೆಯವರೆಲ್ಲ ಕಾಫಿ ತೋಟದ ಕೆಲಸಕ್ಕೆ ಕೊಡಗಿಗೆ ಹೋದರು. ತಿರುಗಿ ಬಂದ ಸುದ್ದಿ ನನಗೆ ಸಿಗಲಿಲ್ಲ.

ಅತ್ತೆ ಹೋದರು, ಮಾವನವರು ಹೋದರು. ಹಗೇವನ್ನು ಮುಚ್ಚಿಸಿ ಅದರ ಮೇಲೆ ಸಿಮೆಂಟು ಹಾಕಿಸಿದ್ದೇವೆ. ಮೊನ್ನೆ ನನ್ನ ಮೊಮ್ಮಗನ ಹೆಂಡತಿ, ಪಿರಿಯಾಪಟ್ಟಣದ ಕಡೆಯ ಹುಡುಗಿ, ತವರಿನಿಂದ ಎರಡು ನಾಟಿ ಹೇಂಟೆ ತರುತ್ತೇನೆ ಎಂದಳು. ಮನೆಯವರೆಲ್ಲ ಒಟ್ಟಿಗೆ ಬೇಡ ಎಂದರು, ನಮ್ಮ ಮನೆಗೆ ಕೋಳಿ ಆಗಿಬರುವುದಿಲ್ಲವಂತೆ. ಯಾರು ಹೇಳಿದ್ದು ಎಂದು ಆಕೆ ಕೇಳಿದಳು.

“ಅಜ್ಜಿ,” ಎಂದು ಎಲ್ಲರೂ ನನ್ನ ಕಡೆ ನೋಡಿದರು.

ನಿಜ. ನಾನೇ ಹೇಳಿದ್ದು. ನನ್ನ ಮಕ್ಕಳು ಕೇಳಿದಾಗ ಹೇಳಿದೆ, ಸೊಸೆ ಬಂದಾಗ ಅವಳಿಗೂ ಹೇಳಿದೆ, ಅತ್ತೆಯ ಮಾತನ್ನು ಅತ್ತೆಯ ದನಿಯಲ್ಲೇ ಐವತ್ತು ವರ್ಷ ಹೇಳಿಕೊಂಡು ಬಂದೆ.